ತೂತು ಕೊಡದ ಬೆಲೆ

ಬೈಲಹೊಂಗಲದ ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಅಂಗಡಿ. ಮುಂದಿನ ಅರ್ಧ ಮೋಡಕಾ: ರಟ್ಟು, ಕಬ್ಬಿಣದ ತುಂಡು, ಒಡೆದ ಬಕೆಟ್ಟು. ಹಿಂದಿನ ಅರ್ಧದಲ್ಲಿ ತಾಮ್ರದ ಹಂಡೆ, ಹಿತ್ತಾಳೆಯ ಸಮೆ, ಅಡಕತ್ತು, ಕಂದೀಲು, ಸಾಗವಾನಿಯ ಬಾಗಿಲು. ಒಂದೇ ಸಾಮಾನು ಮುಂದಿದ್ದರೆ ಕಿಲೋ ಲೆಕ್ಕ, ಹಿಂದಿದ್ದರೆ ಕಥೆಯ ಲೆಕ್ಕ. ಒಂದು ಮುಂಜಾನೆ ಅಲ್ಲಿಗೆ ಇಬ್ಬರು ಬಂದರು. ಒಬ್ಬರು ಸಾಲಿ ಬಿಟ್ಟು ಎಷ್ಟೋ ವರ್ಷವಾದ ಮಾಸ್ತರರು. ಇನ್ನೊಬ್ಬಳು ಅವರ ಅಣ್ಣನ ಮಗಳು. ಬೆಂಗಳೂರಿನಲ್ಲಿ ನೌಕರಿ, ಈಗಷ್ಟೇ ಹೊಸ ಮನೆ ಮಾಡಿದವಳು. ಅವಳಿಗೆ ಹಳೆಯ ಸಾಮಾನು ಬೇಕಿತ್ತು. ಅವರಿಗೆ ಹಳೆಯದನ್ನು ದುಡ್ಡು ಕೊಟ್ಟು ತರುವುದೆಂದರೇ ಕಸಿವಿಸಿ. ಅಂಗಡಿಯವರು ಕೈಯಲ್ಲೊಂದು ಅರಿವೆ ಹಿಡಿದು ಇಬ್ಬರನ್ನೂ ನೋಡುತ್ತ ಕೂತಿದ್ದರು.

ಮಗಳು: ಕಾಕಾ, ಈ ಕೊಡ ನೋಡ್ರಿ. ಎಷ್ಟ ಚಂದ ಐತಿ!

ಕಾಕಾ: ಮೊದಲ ಎತ್ತಿ ನೋಡವ್ವಾ. ಖಾಲಿ ಇದ್ದಾಗನ ಇಷ್ಟ ಭಾರ. ತುಂಬ ನೀರು ಹಾಕಿ, ಟೊಂಕದ ಮ್ಯಾಲೆ ಇಟಗೊಂಡು, ಹಳ್ಳದಿಂದ ಮನೀತನಕ ನಡದು ಬಾ. ಆಮ್ಯಾಲೆ ಚಂದ ಅನ್ನು.

ಮಗಳು: ನೀರು ತರಾಕ ಅಲ್ರಿ. ಪಡಸಾಲಿ ಮೂಲ್ಯಾಗ ಇಟ್ಟು, ಅದರಾಗ ನಾಕು ಒಣಾ ಟೊಂಗಿ ಇಡಬೇಕಂತ ಮಾಡೇನಿ.

ಕಾಕಾ: ನೋಡ್ರಿ ಸಾವಕಾರ್ರ, ನೀರು ಹೊತ್ತ ಕೊಡಕ್ಕ ಕಡೀಕ ಒಣಾ ಟೊಂಗಿ ಹೊರೂ ಪಾಳಿ ಬಂತು.

ಸಾವಕಾರ: ಟೊಂಗಿ ಹೊರಾಕ ಅಡ್ಡಿ ಇಲ್ರಿ ಮಾಸ್ತರ್ರ. ನೀರಂತೂ ಹೊರಂಗಿಲ್ಲ. ಬುಡಕ ಒಂದು ತೂತೈತಿ. ಮೊದಲ ಹೇಳತೀನಿ, ಆಮ್ಯಾಲೆ ಮಾತು ಬರಬಾರದು.

ಕಾಕಾ ಕೊಡವನ್ನು ಬೆಳಕಿಗೆ ಹಿಡಿದು ಬಾಯಿಯೊಳಗೆ ಇಣುಕಿದರು. ಕತ್ತಲ ತಳದಲ್ಲಿ ಸಾಸಿವೆಕಾಳಿನಷ್ಟು ಬೆಳಕು. ಬಾವಿಯ ಕಟ್ಟೆಗೆ, ಅಡುಗೆಮನೆಯ ಕಲ್ಲಿಗೆ ದಿನಾ ಉಜ್ಜಿ ಉಜ್ಜಿ ಬುಡ ತೆಳ್ಳಗಾಗಿ ಸೋತಿತ್ತು. ಕಂಠದ ಕೆಳಗೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಬಡಿದ ಹೆಸರು. ತಿಕ್ಕಿದ ಕೈಗೆ ಮೊದಲ ಅಕ್ಷರಗಳು ಸವೆದು ಹೋಗಿದ್ದವು. ಕೊನೆಯ ‘ವ್ವ’ ಮಾತ್ರ ಓದಲು ಬರುತ್ತಿತ್ತು.

ಮಗಳು: ಯಾರ ಹೆಸರಿದು?

ಕಾಕಾ: ಮದುವ್ಯಾಗ ತವರವರು ಕೊಟ್ಟ ಭಾಂಡೇದ ಮ್ಯಾಲೆ ಹೆಸರು ಹಾಕಸತಿದ್ರು. ಅತ್ತಿ ಮನ್ಯಾಗ ನಾಕು ಸೊಸ್ತ್ಯಾರು, ನಾಕು ಕೊಡ. ಯಾವುದು ಯಾರದು ಅಂತ ಜಗಳಾ ಆಗಬಾರದಲ್ಲ? ಹೊಲಾ ಗಂಡಸರ ಹೆಸರಿಗೆ, ಮನೀ ಗಂಡಸರ ಹೆಸರಿಗೆ. ಹೆಣ್ಣಮಗಳ ಹೆಸರು ಬರೀತಿದ್ದದ್ದು ಇಲ್ಲೊಂದ.

ಮಗಳು: ಈಗ ಬರೇ ‘ವ್ವ’ ಉಳದೈತಿ.

ಕಾಕಾ: ನಮ್ಮ ಸೀಮ್ಯಾಗ ಅಷ್ಟ ಇದ್ರ ಯಾರು ಅಂತ ಹುಡುಕತಿ? ಬಸವ್ವನೋ, ಗಂಗವ್ವನೋ, ನಿಮ್ಮ ಅಜ್ಜಿನೋ.

ಮಗಳು: ಸಾವಕಾರ್ರ, ಏನು ಹೇಳತೀರಿ ಇದಕ್ಕ?

ಸಾವಕಾರ: ನಾಕೂವರಿ ಸಾವಿರ.

ಕಾಕಾ: ತೂತು ಕೊಡಕ್ಕ! ಮುಂದಿನ ತಕಡಿಗೆ ಹಾಕಿದ್ರ ಇದರ ಅರ್ಧಾ ಬರಂಗಿಲ್ಲ.

ಸಾವಕಾರ: ಅಲ್ಲಿ ತಾಮ್ರ ತೂಗತೀನ್ರಿ, ಇಲ್ಲಿ ಕೊಡ ಮಾರತೀನಿ.

ಕಾಕಾ: ಆತು. ಹಂಗಾರ ಓಣ್ಯಾಗ ಬೆಸಗಿ ಹಾಕವರು ಅದಾರ. ಇನ್ನೂರು ರೂಪಾಯಿ ಕೊಟ್ರ ತೂತು ಮುಚ್ಚತಾರ. ಮುಚ್ಚಿಸಿ ಕೊಡ್ರಿ, ಒಯ್ಯತೇವಿ.

ಸಾವಕಾರ: ಮುಚ್ಚಿಸಿದ್ರ ಬೆಲಿ ಇಳೀತೈತ್ರಿ.

ಕಾಕಾ: ಏನು?

ಸಾವಕಾರ: ಬಿಳೇ ಕಲಿ ಕಾಣತೈತಲ್ರಿ. ದೊಡ್ಡ ಊರಿನ ಗಿರಾಕಿ ಕೊಡಾ ತಿರುವಿ ನೋಡತಾನ. ಹೊಸಾ ಬೆಸಗಿ ಕಂಡ್ರ ಇದು ‘ಒರಿಜಿನಲ್’ ಅಲ್ಲ ಅಂತಾನ. ತೂತಿದ್ದದ್ದು ಒರಿಜಿನಲ್.

ಕಾಕಾ: ಕೇಳಿದ್ಯಾ ತಂಗೀ? ನಮ್ಮ ಕಾಲಕ್ಕ ಸೋರೂ ಕೊಡಕ್ಕ ಬೆಲಿ ಇರಲಿಲ್ಲ, ಸೋರದಂಗ ಮಾಡಿದ ಕೈಗೆ ಇತ್ತು. ಕಲಾಯದವರು ವರ್ಷಕ್ಕೆರಡ ಸಲ ಓಣಿಗೆ ಬಂದು ತಿದಿ ಊದತಿದ್ರು. ಭಾಂಡೆ ಅಂದ್ರ ರಿಪೇರಿ ಆಗ್ತಾ ಆಗ್ತಾ ಬದಕೂವಂಥದ್ದು. ನಿಮ್ಮ ಮನ್ಯಾಗ ಅದು ಸವಿಯಂಗಿಲ್ಲ, ಸೋರಂಗಿಲ್ಲ, ರಿಪೇರಿ ಕೇಳಂಗಿಲ್ಲ. ಸತ್ತವರಿಗಷ್ಟ ಹಂಗ ಆಗೂದು.

ಮಗಳು: ನಾ ಒಯ್ಯದಿದ್ರ ಏನಾಗತೈತ್ರಿ ಇದು? ಇನ್ನೂ ನಾಕ ತಿಂಗಳು ಇಲ್ಲಿ ಕೂತು, ಮುಂದಿನ ತಕಡಿಗೆ ಹೋಗಿ, ಅಲ್ಲಿಂದ ಭಟ್ಟಿಗೆ ಹೋಗತೈತಿ. ಕರಗಿ ವಾಯರ್ ಆಗತೈತಿ. ಟೊಂಗಿ ಹೊತ್ರೂ ಕೊಡ ಕೊಡನ ಆಗಿ ಉಳೀತೈತಲ್ರಿ?

ಕಾಕಾ: ವಾಯರ್ ಆದ್ರ ಯಾರದೋ ಮನ್ಯಾಗ ದೀಪಾರೆ ಹತ್ತತೈತಿ. ಅದಕ್ಕೂ ಒಂದು ಕೆಲಸ ಇರತೈತಿ.

ಅಂಗಡಿಯವರು ನಕ್ಕರು. ಮಗಳು ಬಾಗಿಲುಗಳ ಕಡೆ ತಿರುಗಿದಳು. ಒಂದರ ಮೇಲೊಂದು ಆತುಕೊಂಡು ನಿಂತ ಎಂಟು-ಹತ್ತು ಚೌಕಟ್ಟು, ನಡುವೆ ಬೋದಿಗೆ ಸಮೇತ ನಾಲ್ಕು ಕಂಬ. ಕೆಲವದರ ಬುಡದಲ್ಲಿ ಮೊಳಕಾಲೆತ್ತರಕ್ಕೆ ಕೆಸರಿನ ಗುರುತು ಇನ್ನೂ ಹೋಗಿರಲಿಲ್ಲ.

ಮಗಳು: ಇಷ್ಟೊಂದು ಬಾಗಲಾ ಎಲ್ಲಿಂದ ಬಂದಾವ್ರಿ?

ಸಾವಕಾರ: 2019ರ ಆಗಸ್ಟ್ ಮಳಿ ನೆನಪೈತೇನ್ರಿ ತಂಗೆವ್ವಾ? ಮಲಪ್ರಭಾ ತುಂಬಿ ಬಂತು. ನವಿಲುತೀರ್ಥದ ಡ್ಯಾಮ್ ತಗದ್ರು. ಮುನವಳ್ಳಿ, ರಾಮದುರ್ಗದ ಕಡಿ ಮಣ್ಣಿನ ಗ್ವಾಡಿ ನೆನದು ಕುಂತಬಿಟ್ವು. ಗ್ವಾಡಿ ಹೋದ್ವು, ಕಂಬ ಉಳದ್ವು. ಮುಂದ ಸಿಮೆಂಟಿನ ಮನೀ ಕಟ್ಟಾವರಿಗೆ ಕಂಬ ಯಾಕ ಬೇಕು, ಜಂತಿ ಯಾಕ ಬೇಕು? ಮಾರಿದ್ರು.

ಕಾಕಾ: ಅವರಿಗೆ ಗಂಡಾಂತರ, ನಿಮಗ ಸುಗ್ಗಿ.

ಸಾವಕಾರ: ಸುಗ್ಗಿ ಅನಬ್ಯಾಡ್ರಿ ಸರ. ತಗಡಿನ ಕೆಳಗ ಕೂತ ಮಂದಿಗೆ ಅವತ್ತು ಕೈಯಾಗ ರೊಕ್ಕ ಬೇಕಾಗಿತ್ತು. ನಾ ಕೊಟ್ಟೆ. ಕಡಿಮಿ ಕೊಟ್ಟಿರಬಹುದು, ಇಲ್ಲನ್ನಂಗಿಲ್ಲ. ಆದ್ರ ನಾ ಹೋಗೂದರೊಳಗ ಎರಡು ಬಾಗಲಾ ಕಡದು ಒಲಿಗೆ ಹಾಕಿದ್ರು. ಹಸೀ ಕಟಗಿ ಹತ್ತಂಗಿಲ್ಲ, ನೂರು ವರ್ಷ ಒಣಗಿದ ಸಾಗವಾನಿ ಚೊಲೋ ಉರೀತೈತಿ.

ಮಗಳು: ನೋಡ್ರಿ ಕಾಕಾ. ಮಣಿಪಾಲದ ವಿಜಯನಾಥ ಶೆಣೈಯವರು ಇದನ್ನ ಮಾಡಿದ್ದು. ಬೀಳೂ ಮನಿ, ಕೆಡವೂ ಮನಿ ಎಲ್ಲೆಲ್ಲಿ ಅದಾವು ಅಲ್ಲಲ್ಲಿ ಹೋಗಿ, ಬಿಚ್ಚಿ ತಂದು, ಮತ್ತ ಜೋಡಿಸಿ ನಿಲ್ಲಿಸಿದ್ರು. ನಮ್ಮ ಕಡಿ ಮುಧೋಳ ಅರಮನಿ ದರ್ಬಾರ್ ಹಾಲು, ಕುಕನೂರಿನ ಕಮಲ ಮಹಲು ಇವತ್ತ ಅಲ್ಲಿ ನಿಂತಾವು. ಯಾರೋ ಒಬ್ರಿಗೆ ಹಳೇದರ ಹುಚ್ಚು ಹಿಡೀಲಿಲ್ಲ ಅಂದ್ರ ಅವು ಒಲಿಗೆ ಹೋಗತಿದ್ವು.

ಕಾಕಾ: ಶೆಣೈಯವರು ದೊಡ್ಡ ಮನಶಾರ, ಅದರಾಗ ಮಾತಿಲ್ಲ. ಆದ್ರ ಮುಧೋಳದ ದರ್ಬಾರು ಮಣಿಪಾಲದಾಗ ನಿಂತ್ರ ಮುಧೋಳದ ಹುಡುಗ ಅದನ್ನ ನೋಡಾಕ ಘಟ್ಟಾ ಇಳೀಬೇಕಲ್ಲ?

ಮಗಳು: ಮುಧೋಳದಾಗ ಇದ್ದಿದ್ರ ಆ ಹುಡುಗ ಅದನ್ನ ನೋಡತಿದ್ನೋ, ಮೊಳಿಲೆ ಅದರ ಮ್ಯಾಲೆ ತನ್ನ ಹೆಸರು ಕೆತ್ತತಿದ್ನೋ?

ಕಾಕಾ: ಕೆತ್ತತಿದ್ದ, ಹೌದು. ಆದ್ರ ತನ್ನೂರಿನ ಕಂಬದ ಮ್ಯಾಲೆ ಕೆತ್ತತಿದ್ದ.

ಸಾವಕಾರ: ಪುಣೆಕ್ಕ ಹೋದಾಗ ರಾಜಾ ಕೇಳ್ಕರ್ ಮ್ಯೂಜಿಯಂ ನೋಡೀನ್ರಿ ನಾನು. ದಿನಕರ ಕೇಳ್ಕರ್ ಅಂತ, ಊರೂರು ತಿರುಗಿ ಅಡಕತ್ತು, ದೀಪ, ಬಾಗಲಾ, ಲಟ್ಟಣಿಗಿತನಕ ಕೂಡಿಸಿದ್ರು. ಸಣ್ಣಾಂವ ಇದ್ದಾಗನ ಮಗ ತೀರಿಕೊಂಡ, ಆ ಹುಡುಗನ ಹೆಸರು ಅದಕ್ಕ ಇಟ್ಟು 1975ರಾಗ ಸರ್ಕಾರಕ್ಕ ಕೊಟ್ಟಬಿಟ್ರು. ಇಪ್ಪತ್ತು ಸಾವಿರ ಸಾಮಾನು ಅಂತಾರ. ಎಷ್ಟೋ ಇಡಾಕ ಜಾಗಾ ಇಲ್ಲದ ಒಳಗ ಅದಾವಂತ. ನಾ ಅಲ್ಲಿ ಒಂದು ಅಡಕತ್ತು ನೋಡಿದೆ. ಅಂಥಾದ್ದ ನನ್ನ ಅಂಗಡ್ಯಾಗ ಮುನ್ನೂರು ರೂಪಾಯಿಗೆ ಬಿದ್ದಿತ್ತು. ಗಾಜಿನ ಒಳಗ ಇಟ್ಟ ಮ್ಯಾಲೆ ನನಗ ಅದರ ಗುರತ ಹತ್ತಲಿಲ್ಲ.

ಕಾಕಾ: ಅದನ್ನ ನಾ ಹೇಳೂದು. ಎಲಿ-ಅಡಕಿ ತಿನ್ನೂ ಬಾಯಿ ಇಲ್ಲದ ಅಡಕತ್ತು ಗುರತ ಹ್ಯಾಂಗ ಹತ್ತತೈತಿ?

ಮಾತು ಹೀಗೆ ಹೋಗುತ್ತಿರುವಾಗ ಅಂಗಡಿಯವರು ಗಲ್ಲೆಯ ಹಿಂದಿನಿಂದ ಒಂದು ಡಬ್ಬಿ ತೆಗೆದರು. ಕಬ್ಬಿಣದ ತೂಕದ ಕಲ್ಲುಗಳು, ಸೇರು, ಅಚ್ಛೇರು, ಪಾವಸೇರು. ಕೆಳಗೆ ಒಂದಿಷ್ಟು ನಾಣ್ಯ.

ಕಾಕಾ: ಇವನ್ನ ಕೊಡ್ರಿ ಇಲ್ಲೆ. ತಂಗೀ, ಇದು ಪಾವಸೇರು. ಸೇರಿಗೆ ಎಂಬತ್ತು ತೊಲಿ, ಪಾವಕ್ಕ ಇಪ್ಪತ್ತು. ರೂಪಾಯಿಗೆ ಹದಿನಾರು ಆಣೆ. 1957ರಾಗ ಆಣೆ ಹೋತು, 1958ರಿಂದ ಒಂದೊಂದ ಕಡಿ ಕಿಲೋ ಬರಾಕ ಹತ್ತಿತು. ಮಾಡಿದ ಮಗ್ಗಿ ಎಲ್ಲಾ ಮರತು ಹೊಸದು ಕಲೀಬೇಕಾತು. ನಮ್ಮ ಅಪ್ಪ ಸಾಯೂತನಕ ಬೆಲ್ಲಾ ಸೇರಿನ ಲೆಕ್ಕದಾಗ ಕೇಳತಿದ್ದ, ಅಂಗಡಿಯವ ಕಿಲೋದಾಗ ಕೊಡತಿದ್ದ. ಇಬ್ರಿಗೂ ಮೋಸಾ ಆತು ಅನಸತಿತ್ತು.

ಮಗಳು: ಈ ಮಾತು ನನಗ ಮೊದಲ ಯಾಕ ಹೇಳಿಲ್ರಿ ನೀವು?

ಕಾಕಾ: ಕಲ್ಲು ಕೈಯಾಗ ಬರಲಿಲ್ಲ, ನೆನಪಾಗಲಿಲ್ಲ.

ಮಗಳು: ಹಂಗಾರ ಕಲ್ಲಿಗೆ ಕೆಲಸ ಐತಿ ಅಂತಾತು. ತೂಗದಿದ್ರೂ ನೆನಪು ಮಾಡಿಕೊಡತೈತಿ.

ಕಾಕಾ: ನನಗ ಮಾಡಿಕೊಡತೈತಿ, ನಾ ಅದನ್ನ ಬಳಸೀನಿ. ನೀ ಒಯ್ದು ಕಪಾಟದಾಗ ಇಟ್ರ ನಿನ್ನ ಮಗಳಿಗೆ ಏನು ನೆನಪು ಮಾಡಿಕೊಡತೈತಿ? ಪೇಪರ್ ಹಾರದಂಗ ಇಡೂ ಕಬ್ಬಿಣ ಅಷ್ಟ.

ಮಗಳು: ನಾ ಹೇಳತೀನಲ್ರಿ ಆಕಿಗೆ, ಸೇರಿಗೆ ಎಂಬತ್ತು ತೊಲಿ ಅಂತ. ಈಗ ಕಲತೆ. ಈ ನಾಣ್ಯ ಏನ್ರಿ ಸಾವಕಾರ್ರ? ಹನುಮಪ್ಪ ಅದಾನ, 1818 ಅಂತ ಐತಿ.

ಸಾವಕಾರ: ಅದನ್ನ ಮುಟ್ಟಬ್ಯಾಡ್ರಿ. ಕಂಪನಿ ಸರ್ಕಾರದ ನಾಣ್ಯ, ಲಕ್ಷಗಟ್ಟಲೆ ಬೆಲಿ ಅಂತ ಜಾತ್ರ್ಯಾಗ ಮಾರತಾರ. ರಾಮ, ಹನುಮಪ್ಪನ್ನ ಹಾಕಿ ಕಂಪನಿ ಎಂದೂ ನಾಣ್ಯ ಅಚ್ಚ ಹಾಕಿಲ್ಲ. ಕಳ್ಳ ಸಾಮಾನು. ಅಕ್ಕಿ ಜಗ್ಗೂ ತಂಬಿಗಿ ಅಂತ ಹೇಳಿ ಮಂದೀ ಮನಿ ಮುರೀತಾರಲ್ಲ, ಅದರ ತಮ್ಮ ಇದು.

ಕಾಕಾ: 1818 ಅಂದ್ರ ಪೇಶವಾಯಿ ಮುಳುಗಿದ ವರ್ಷ. ಮುಂದ ಆರು ವರ್ಷಕ್ಕ ಕಂಪನಿ ಕಿತ್ತೂರಿಗೆ ಬಂತು. 1824ರ ಅಕ್ಟೋಬರ್ 23ಕ್ಕ ಕಂಪನಿ ಸಾಹೇಬ ಥ್ಯಾಕರೆ ಸತ್ತ, ಡಿಸೆಂಬರದಾಗ ಕಿತ್ತೂರು ಬಿತ್ತು. ಬಿದ್ದ ಮ್ಯಾಲೆ ಏನೇನು ಹೋತೋ ಎಲ್ಲೆಲ್ಲಿ ಹೋತೋ. ಅಂಥಾ ಕಂಪನಿ ಹನುಮಪ್ಪನ ನಾಣ್ಯ ಹೊಡಸತಿತ್ತೇನು!

ಸಾವಕಾರ: ದಿನಾ ಒಬ್ಬನರೆ ಕೇಳತಾನ್ರಿ, ‘ಚೆನ್ನಮ್ಮನ ಕಾಲದ್ದು ಏನೈತಿ?’ ಅಂತ. ಒಬ್ಬಂವ ಕತ್ತಿ ಕೇಳಿದ. ‘ಆಕಿ ಈ ಊರಾಗನ ಸೆರ್ಯಾಗಿದ್ದು 1829ರಾಗ ತೀರಿಕೊಂಡ್ಲು, ಸಮಾಧಿ ಇಲ್ಲೇ ಐತಿ, ಹೋಗಿ ಕೈ ಮುಗದು ಬಾ’ ಅಂದೆ. ‘ಅದು ಒಯ್ಯಾಕ ಬರಂಗಿಲ್ಲಲ್ಲ’ ಅಂದ.

ಮಗಳು: ನೀವು ಹೌದು ಅಂದಿದ್ರ ಒಯ್ಯತಿದ್ದ.

ಸಾವಕಾರ: ಹೌದು ಅನ್ನವರೂ ಅದಾರ. ಹಿತ್ತಾಳಿ ಮೂರ್ತಿಗೆ ನವಸಾಗರ ಹಚ್ಚಿ, ಹುಗದಿಟ್ಟು, ಮುನ್ನೂರು ವರ್ಷದ್ದು ಅಂತಾರ. ನಾ ದೇವರ ಮೂರ್ತಿ ತಗೊಳ್ಳೂದ ಇಲ್ಲ. ಎಲ್ಲಿ ಗುಡಿಯಿಂದ ಎದ್ದು ಬಂದದ್ದೋ ಏನೋ. ಮ್ಯಾಲೆ ಕಾಯ್ದೆ ಐತಿ, 1972ರದು. ನೂರು ವರ್ಷ ದಾಟಿದ್ದು ಪ್ರಾಚ್ಯವಸ್ತು. ಅಂಥಾದ್ದರ ವ್ಯಾಪಾರಕ್ಕ ಲೈಸೆನ್ಸ್ ಬೇಕು, ದೇಶಾ ಬಿಟ್ಟು ಒಯ್ಯಾಕಂತೂ ನನ್ನಂಥವಗ ಬರಂಗಿಲ್ಲ. ಬೆಲಿ ಇರೂ ಕೈಬರಹದ ಹೊತ್ತಗಿಗೆ 75 ವರ್ಷ ಆದ್ರ ಸಾಕು.

ಕಾಕಾ: ಹೊತ್ತಗಿ ಅಂದ್ಯಲ್ಲಪಾ, ಅಲ್ಲಿ ನನ್ನ ಮಾತು ಗಟ್ಟಿ ಆಗತೈತಿ. ಫ.ಗು. ಹಳಕಟ್ಟಿಯವರು ವಚನದ ತಾಳಿಗರಿ ಹುಡುಕಿ ಹೊಂಟಾಗ ಅವು ಎಲ್ಲಿದ್ವು? ಮನೀ ಜಗಲಿ ಮ್ಯಾಲೆ, ಮಠದ ಗಂಟಿನ್ಯಾಗ. ವಿಭೂತಿ ಹಚ್ಚಿ ಪೂಜಾ ಮಾಡತಿದ್ರು, ಓದತಿದ್ದಿಲ್ಲ. ಇವರು ಓದಿದ್ರು, ನಕಲು ಮಾಡಿದ್ರು, 1923ರಾಗ ‘ವಚನಶಾಸ್ತ್ರಸಾರ’ ಅಂತ ಅಚ್ಚ ಹಾಕಿಸಿದ್ರು. ಉಳಿಸೂದು ಅಂದ್ರ ಅದು. ಗಂಟು ಕಾಯೂದಲ್ಲ, ಗಂಟು ಬಿಚ್ಚೂದು.

ಮಗಳು: ಮಾತು ಚೊಲೋ ಐತ್ರಿ. ಆದ್ರ ಓದಲಾರದ ಪೂಜಾ ಮಾಡಿದ ಮಂದಿ ಆ ಗಂಟು ನಾಕುನೂರು ವರ್ಷ ಒಲಿಗೆ ಹಾಕಲಾರದ ಇಟಗೊಂಡಿದ್ರು ಅಂತ ಹಳಕಟ್ಟಿಯವರ ಕೈಗೆ ಸಿಕ್ವು. ಸುಮ್ಮನ ಇಟಗೊಂಡವರದೂ ಒಂದು ಪಾಲು ಇಲ್ಲೇನ್ರಿ? ನಾ ಅವರ ಸಾಲಿನ್ಯಾಗ ನಿಲ್ಲತೀನಿ ಅನ್ರಿ.

ಕಾಕಾ ಇದಕ್ಕೆ ಉತ್ತರ ಕೊಡಲಿಲ್ಲ. ಅವರ ಕಣ್ಣು ಗೋಡೆಯ ಮೊಳೆಗೆ ತೂಗುಹಾಕಿದ ಒಂದು ವಾದ್ಯದ ಮೇಲಿತ್ತು. ತಂತಿ ಹರಿದಿತ್ತು, ಚರ್ಮ ಒಣಗಿ ಮುದುಡಿತ್ತು.

ಮಗಳು: ಅದು ಚೌಡಿಕಿ ಅಲ್ರಿ? ಗ್ವಾಡಿಗೆ ಹಾಕಿದ್ರ ಎಷ್ಟ ಚಂದ ಕಾಣತೈತಿ.

ಸಾವಕಾರ: ಸವದತ್ತಿ ಕಡಿಯಿಂದ ಒಬ್ಬ ಮುದುಕಿ ತಂದು ಕೊಟ್ಲು. ರೊಕ್ಕದ ಮಾತ ಆಡಲಿಲ್ಲ. ‘ಇದು ನನ್ನ ಮೊಮ್ಮಗಳ ಕಣ್ಣಿಗೆ ಬೀಳಬಾರದು’ ಅಂದ್ಲು, ಇಟ್ಟು ಹೋದ್ಲು. ನಾ ಇದನ್ನ ಮಾರಬೇಕೋ ಬ್ಯಾಡೋ ತಿಳೀವಲ್ದು.

ಮಗಳು: ಈಗ ಹೇಳ್ರಿ ಕಾಕಾ. ಬಳಸಿದ್ರ ಮಾತ್ರ ವಸ್ತು ಬದಕತೈತಿ ಅಂದ್ರೆಲ್ಲ. ಇದರ ಬಳಕಿ ಏನು? ಸಣ್ಣ ಹುಡುಗಿಗೆ ಮುತ್ತು ಕಟ್ಟಿ ಎಲ್ಲವ್ವಗ ಬಿಡೂದು, ಆಮ್ಯಾಲೆ ಆಕಿ ಜಲಮಾ ಎಲ್ಲಾ ಇದನ್ನ ಬಾರಿಸೂದು. ಅದನ್ನ ನಿಲ್ಲಸಾಕ 1982ರಾಗ ಕಾಯ್ದೆನ ಬರಬೇಕಾತು. ಈ ಹಳೇದು ಹಂಗ ಬದಕಬೇಕೇನ್ರಿ?

ಕಾಕಾ: ಬ್ಯಾಡವ್ವಾ. ಕಟ್ಟು ಹೋಗಲಿ. ಆದ್ರ ಹಾಡು? ಚೌಡಿಕಿ ಪದದಾಗ ಇರೂ ಎಲ್ಲವ್ವನ ಕಥಿ ಯಾವ ಪುಸ್ತಕದಾಗೂ ಹಂಗ ಇಲ್ಲ. ಮಂಜಮ್ಮ ಜೋಗತಿಯವರಿಗೆ 2021ರಾಗ ಪದ್ಮಶ್ರೀ ಬಂತಲ್ಲ, ಗ್ವಾಡಿಗೆ ತೂಗಹಾಕಿದ್ದಕ್ಕ ಬರಲಿಲ್ಲ, ಕುಣದದ್ದಕ್ಕ ಬಂತು. ನೀ ಗ್ವಾಡಿಗೆ ಹಾಕಿದ್ರ ಹಾಡೂ ಹೋತು, ಆಕಿ ಪಟ್ಟ ಪಾಡೂ ಹೋತು. ಬರೇ ಚಂದ ಉಳೀತು.

ಮಗಳು: ಹೌದ್ರಿ. ಇದನ್ನ ನಾ ಒಯ್ಯಂಗಿಲ್ಲ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮುಂದಿನ ಅಂಗಡಿಯಲ್ಲಿ ಯಾರೋ ರಟ್ಟು ತೂಗಿಸುತ್ತಿದ್ದರು. ಮಗಳು ಮತ್ತೆ ಕೊಡದ ಹತ್ತಿರ ಕೂತಳು.

ಮಗಳು: ಒಂದು ಮಾತು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಅಜ್ಜಿ ಕೊಡ ಎಲ್ಲೈತಿ?

ಕಾಕಾ: ಯಾವ ಕೊಡ?

ಮಗಳು: ಆಕೀದೂ ಒಂದು ಇರಬೇಕಲ್ರಿ, ಹೆಸರು ಹಾಕಿದ್ದು.

ಕಾಕಾ: ಇತ್ತು. ಎರಡಿದ್ವು. ಒಂದು ಪರಾತ, ಒಂದು ಹಂಡೆ, ಹತ್ತು ತಂಬಿಗಿ ಸೈತ ಇದ್ವು. ಸ್ಟೀಲಿನ ಭಾಂಡೆದವನು ಬಾಗಲಕ್ಕ ಬಂದಾಗ ಕೊಟ್ಟ ಬಿಟ್ವಿ.

ಮಗಳು: ಕೊಟ್ಟವರು ಯಾರ್ರಿ?

ಕಾಕಾ: ಎತ್ತಿ ತಕಡ್ಯಾಗ ಇಟ್ಟಾಂವ ನಾನ. ಕೊಡು ಅಂದಾಕಿ ನಮ್ಮವ್ವ. ಹುಣಸಿಹಣ್ಣು ಹಚ್ಚಿ, ಬೂದಿಲೆ ತಿಕ್ಕಿ ತಿಕ್ಕಿ ಆಕಿ ಬೆರಳ ಸಂದಿ ಒಡದಿರತಿದ್ವು. ಪಂಚಿಮಿ, ದೀಪಾವಳಿ ಅಂದ್ರ ನಮಗ ಹಬ್ಬ, ಆಕಿಗೆ ಭಾಂಡೆ. ಹೊಸಾ ಸ್ಟೀಲ್ ಕೊಡಾ ಎತ್ತಿಕೊಂಡು ‘ಹೂವಿನಂಗೈತಿ’ ಅಂದ್ಲು. ಆ ಮಾರಿ ನನಗ ಇನ್ನೂ ನೆನಪೈತಿ. ನಾ ತಪ್ಪು ಮಾಡಿದ್ನೇನು?

ಮಗಳು: ಇಲ್ರಿ. ಆದ್ರ ಇಷ್ಟೊತ್ತನಕ ನನಗ ಬಯ್ದ್ರೆಲ್ಲ, ಬಳಸಬೇಕು, ಬಳಸಬೇಕು ಅಂತ. ಬಳಸಿದ ಕೈ ನಿಮ್ಮದಾಗಿರಲಿಲ್ಲ. ಬಳಸಿದಾಕಿಗೆ ಅದು ಬ್ಯಾಡಾಗಿತ್ತು.

ಕಾಕಾ: ಅದು ಖರೆ. ಆದ್ರ ಆಕಿ ಬ್ಯಾಡ ಅಂದು ಇಳಿಸಿಟ್ಟ ಭಾರಾನ ನೀ ಇವತ್ತ ನಾಕೂವರಿ ಸಾವಿರ ಕೊಟ್ಟು ಕೊಂಡು ಚಂದ ಅನ್ನಾಕತ್ತಿ. ಅದೂ ಖರೆ.

ಮಗಳು: ಆಕಿ ಹೊತ್ಲು ಅಂತ ನಾ ಹೊರಬೇಕಾಗಿಲ್ಲ. ಹೊತ್ತಿದ್ಲು ಅನ್ನೂದು ಕಾಣಬೇಕು, ಅಷ್ಟ. ಸ್ಟೀಲಿನ ಕೊಡದ ಮ್ಯಾಲೆ ಯಾರ ಹೆಸರೂ ಇಲ್ಲಲ್ರಿ.

ಸಾವಕಾರ: ಅದಕ್ಕೂ ಮಶಿನ್ ಬಂದಾವ್ರಿ, ಹೆಸರು ಹಾಕತಾರ.

ಕಾಕಾ: ನೀವು ಸುಮ್ಮನಿರ್ರಿ ಸಾವಕಾರ್ರ. ತಂಗೀ, ಒಂದು ಮಾತು ಹೇಳಲೇನು? ಒಯ್ಯಿ, ಬೆಸಗಿ ಹಾಕಿಸಿಕೊಂಡು ಒಯ್ಯಿ. ವರ್ಷಕ್ಕೊಂದ ದಿನ ನೀರು ತುಂಬು. ಒಂದ ದಿನ. ಹೊತ್ತರ ಎಷ್ಟ ಭಾರ ಅಂತ ಗೊತ್ತಾಗಲಿ.

ಮಗಳು: ತೂತು ಹಂಗ ಇರಲಿ ಕಾಕಾ. ಶಿವನ ಗುಡ್ಯಾಗ ಲಿಂಗದ ಮ್ಯಾಲೆ ತೂತಿನ ತಾಮ್ರದ ಪಾತ್ರಿ ಕಟ್ಟಿರತಾರಲ್ರಿ, ಹನಿ ಹನಿ ನೀರು ಬೀಳತೈತಿ. ಅದಕ್ಯಾರೂ ಬೆಸಗಿ ಹಾಕ್ರಿ ಅನ್ನಂಗಿಲ್ಲ. ನಾ ಇದನ್ನ ತುಳಸಿ ಗಿಡದ ಮ್ಯಾಲೆ ಇಡತೀನಿ. ದಿನಾ ನೀರು ಹಾಕತೀನಿ, ವರ್ಷಕ್ಕೊಂದ ದಿನ ಅಲ್ಲ.

ಕಾಕಾ: ದೇವರ ಪಾತ್ರಿ ತೂತು ಮಾಡಿದ್ದು ಕಂಚಗಾರ, ಅಳತಿ ಇಟ್ಟು ಮಾಡಿದ್ದು. ಇದು ಸವದು ಬಿದ್ದ ತೂತು. ಇವತ್ತ ಸಾಸಿವಿಕಾಳು, ನಾಳಿ ಜ್ವಾಳದ ಕಾಳು. ಒಂದಿನ ಬುಡಾನ ಕಳಚಿ ಬೀಳತೈತಿ.

ಮಗಳು: ಬೀಳಲಿ ಬಿಡ್ರಿ. ಸವೀಬೇಕು ಅಂದವರು ನೀವ ಅಲ್ರಿ?

ಕಾಕಾ ಏನೋ ಹೇಳಲು ಬಾಯಿ ತೆರೆದರು, ನಕ್ಕು ಸುಮ್ಮನಾದರು. ಅವರು ಒಪ್ಪಿದಂತೆಯೂ ಇರಲಿಲ್ಲ, ಬಿಟ್ಟುಕೊಟ್ಟಂತೆಯೂ ಇರಲಿಲ್ಲ. ವ್ಯಾಪಾರ ಕುದುರಿತೆಂದು ತಿಳಿದ ಅಂಗಡಿಯವರು ಕೊಡವನ್ನು ತೊಡೆಯ ಮೇಲೆ ಹೊರಳಿಸಿಕೊಂಡರು. ಅರಿವೆಯ ತುದಿಯನ್ನು ಪಾಲಿಶ್ ಡಬ್ಬಿಯಲ್ಲಿ ಅದ್ದಿ, ಕಂಠದ ಕೆಳಗೆ, ಸರಿಯಾಗಿ ಆ ಹೆಸರಿನ ಮೇಲೆಯೇ ಕೈಯಿಟ್ಟರು.

ಕಾಕಾ, ಮಗಳು: ತಿಕ್ಕಬ್ಯಾಡ್ರಿ!

ಅಂಗಡಿಯವರ ಕೈ ಅಲ್ಲೇ ನಿಂತಿತು. ಇವಳಿಗೆ ಹಳೆಯ ತಾಮ್ರದ ಮೇಲಿನ ಹಸಿರು ಕರೆ ಹೋಗಬಾರದಿತ್ತು. ಅವರಿಗೆ ಉಳಿದ ಆ ‘ವ್ವ’ ಹೋಗಬಾರದಿತ್ತು.

ಸಾವಕಾರ: ಬಂದಾಗಿಂದ ಜಗಳಾಡಾಕತ್ತೀರಿ, ಈಗರೆ ಒಂದ ಮಾತು ಇಬ್ರೂ ಕೂಡಿ ಅಂದ್ರಿ. ಇನ್ನ ಮ್ಯಾಲೆ ಬೆಲಿ ಇಳಸಂಗಿಲ್ಲ ನಾನು.